ಮುತ್ತತ್ತಿಯ ಅರ್ಧ ಮುಖ

ಫೋಟೊ ಸ್ಟುಡಿಯೊದಲ್ಲಿ ಕೂತವನಿಗೆ ನಗು ಬರುವಂಥ ಪ್ರಸಂಗಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ನನ್ನ ಕರ್ಮ ಏನೆಂದರೆ, ಅವೆಲ್ಲ ಯಾರಾದರೂ ಸತ್ತ ಮೇಲೆಯೇ ಬರುತ್ತವೆ. ಮಳವಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಅಂಗಡಿ. ಮುಂದುಗಡೆ ಪಾಸ್‌ಪೋರ್ಟ್ ಸೈಜಿಗೆ ಒಂದು ಸ್ಟೂಲು, ಹಿಂದುಗಡೆ ಕಂಪ್ಯೂಟರು, ಕಂಪ್ಯೂಟರಿನ ಮುಂದೆ ನಾನು. ಮದುವೆ, ನಾಮಕರಣದ ಫೋಟೊಗಳನ್ನು ಈಗ ಅವರವರೇ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಾರೆ. ಹನ್ನೊಂದನೇ ದಿನದ ಫೋಟೊಗೆ ಮಾತ್ರ ಈಗಲೂ ನಾನೇ ಬೇಕು. ಇಪ್ಪತ್ತು ವರ್ಷದಿಂದ ಈ ಸುತ್ತಿನ ಸತ್ತವರಿಗೆಲ್ಲ ತಲೆ ಬಾಚಿ, ಕಾಲರ್ ಸರಿ ಮಾಡಿ, ಬೆನ್ನ ಹಿಂದೆ ನೀಲಿ ಆಕಾಶ ಕೊಟ್ಟು ಕಳಿಸಿದ್ದೇನೆ. ಹೀಗಾಗಿ ಬದುಕಿರುವವರು ರಸ್ತೆಯಲ್ಲಿ ನನ್ನನ್ನು ಕಂಡರೆ ಅಷ್ಟಾಗಿ ನಗುವುದಿಲ್ಲ.

೧. ಮೈ ತುಂಬಿಕೊಂಡ ಹಿರಿಯರು

ಮೊದಲು ನನ್ನ ಕಸುಬಿನ ಒಂದು ವಿಷಯ ಹೇಳಿಬಿಡುತ್ತೇನೆ. ಫೋಟೊದಲ್ಲಿ ಒಬ್ಬರ ಮುಖವನ್ನು ಬೇರೆ ಮಾಡಿಕೊಳ್ಳಬೇಕಾದರೆ ಅದರ ಸುತ್ತ ಮೌಸಿನಿಂದ ಗೆರೆ ಹಾಕಬೇಕು. ಚುಕ್ಕಿ ಚುಕ್ಕಿಯ ಗೆರೆ. ಇರುವೆ ಸಾಲಿನ ಹಾಗೆ ಮುಖದ ಸುತ್ತ ಹರಿದಾಡುತ್ತಿರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಹಿಡಿದು ಎಳೆಯಬಹುದು, ಬಗ್ಗಿಸಬಹುದು, ಓರೆ ಮಾಡಬಹುದು. ಇದಕ್ಕೆ ಎರಡು ಆಜ್ಞೆಗಳಿವೆ. ಒಂದನ್ನು ಒತ್ತಿದರೆ ಗೆರೆ ಮಾತ್ರ ಬಗ್ಗುತ್ತದೆ, ಒಳಗಿರುವ ಮನುಷ್ಯ ಇದ್ದ ಹಾಗೇ ಇರುತ್ತಾನೆ. ಇನ್ನೊಂದನ್ನು ಒತ್ತಿದರೆ ಗೆರೆಯ ಜೊತೆ ಮನುಷ್ಯನೂ ಬಗ್ಗುತ್ತಾನೆ. ಎರಡೂ ಬೇರೆ ಬೇರೆ ಎಂದು ತಿಳಿಯುವುದಕ್ಕೆ ನನಗೆ ಒಬ್ಬ ಹಿರಿಯರ ಸಾವು ಬೇಕಾಯಿತು.

ಆಗ ನಾನು ಮದ್ದೂರಿನಲ್ಲಿ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಪಕ್ಕದ ಹಳ್ಳಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡಿದ್ದರು, ಊರ ಬಾಗಿಲಿಗೆ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್ ಬೇಕಾಗಿತ್ತು. ನಾನು ಹಾಕಿದ ಗೆರೆಯಿಂದ ಅವರ ಒಂದು ಕಿವಿ ಹೊರಗೆ ಉಳಿದಿತ್ತು. ಕಿವಿಯನ್ನು ಒಳಗೆ ಸೇರಿಸಿಕೊಳ್ಳೋಣ ಎಂದು ಗೆರೆಯನ್ನು ಎರಡೂ ಕಡೆಗೆ ಎಳೆದೆ. ತಪ್ಪು ಆಜ್ಞೆ ಒತ್ತಿದ್ದೆ, ಮುಖವೇ ಅಗಲವಾಗಿತ್ತು. ಅವಸರದಲ್ಲಿ ಅದು ಹಾಗೇ ಪ್ರಿಂಟಾಗಿ ಹೋಯಿತು.

ಮಾರನೆಯ ದಿನ ಬೆಳಿಗ್ಗೆ ಮೂವರು ಗಂಡು ಮಕ್ಕಳು ಅಂಗಡಿಗೆ ಬಂದರು. ಹಿಂದಿನ ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ನಾನು ಒಂದು ಸಲ ನೋಡಿಕೊಂಡೆ. ದೊಡ್ಡ ಮಗ ನನ್ನ ಎರಡೂ ಕೈ ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದ. "ಮೂರು ತಿಂಗ್ಳು ಆಸ್ಪತ್ರೆ ಸುತ್ತಿ ಬರೀ ಮೂಳೆ ಆಗೋಗಿದ್ದ ಕಣಣ್ಣ ನಮ್ಮಪ್ಪ. ನೀನು ಮೈ ತುಂಬ್ಸಿ ಕಳಿಸ್ದೆ" ಅಂದ. ಅಲ್ಲಿಂದ ಮುಂದೆ ಒಂದು ವರ್ಷ ಆ ಊರಿನಲ್ಲಿ ಯಾರೇ ಸತ್ತರೂ, ಫೋಟೊ ಕೊಟ್ಟು ಹೋಗುವವರು ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸುತ್ತಿದ್ದರು: ಒಸಿ ದಪ್ಪ ಮಾಡಿ ಕೊಡಿ.

೨. ವೋಟರ್ ಕಾರ್ಡು

ಈಗ ಎರಡು ವರ್ಷದ ಹಿಂದಿನ ಮಾತು. ಹಲಗೂರು ಕಡೆಯ ಒಬ್ಬ ಯಜಮಾನರು ಅಂಗಡಿಗೆ ಬಂದರು. ಎಪ್ಪತ್ತೆರಡು ವರ್ಷ, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಫೋಟೊ ಯಾರದು ಎಂದೆ. ನನ್ನದೇ, ತಿಥಿಗೆ, ಅಂದರು. ಇಂಥವರು ಆಗಾಗ ಬರುತ್ತಾರೆ, ತಮ್ಮ ಹಿಂದೆ ಇರುವವರ ಮೇಲೆ ನಂಬಿಕೆ ಇಲ್ಲದವರು. ಇವರಿಗೆ ಮಕ್ಕಳಿರಲಿಲ್ಲ. ಆದರೆ ಇವರಿಗೆ ಇನ್ನೊಂದು ಬೇಕಾಗಿತ್ತು: ಅದೇ ಫೋಟೊದಲ್ಲಿ ಪಕ್ಕದಲ್ಲಿ ಹೆಂಡತಿಯೂ ಇರಬೇಕು. ಆಕೆ ಹೋಗಿ ಹತ್ತಿರ ಹತ್ತಿರ ಮೂವತ್ತು ವರ್ಷ, ಹೋದಾಗ ಮೂವತ್ತೆಂಟು ವರ್ಷ.

ಅವರ ಫೋಟೊ ಕೊಡಿ ಎಂದೆ. ಕವರಿನಿಂದ ಒಂದು ಹಳೆಯ ವೋಟರ್ ಕಾರ್ಡು ತೆಗೆದು ಕೊಟ್ಟರು. ಹೆಸರು ಹೆಂಗಸಿನದು, ಗಂಡನ ಹೆಸರಿನ ಜಾಗದಲ್ಲಿ ಇವರ ಹೆಸರು, ಎಲ್ಲ ಸರಿ. ಫೋಟೊ ಮಾತ್ರ ದಪ್ಪ ಮೀಸೆಯ ಗಂಡಸಿನದು. ತಲೆಯೆತ್ತಿ ನೋಡಿದೆ, ಅದೇ ಮೀಸೆ, ಈಗ ಬೆಳ್ಳಗಾಗಿತ್ತು. ಕಾರ್ಡು ಮಾಡಿದವರು ತಪ್ಪಿ ಇವರ ಫೋಟೊ ಹಾಕಿದ್ದರಂತೆ. ಇವರ ಕಾರ್ಡಿನಲ್ಲಾದರೂ ಆಕೆಯ ಫೋಟೊ ಇತ್ತೇ ಎಂದು ಆಸೆಯಿಂದ ಕೇಳಿದೆ. ಅದರಲ್ಲೂ ನಾನೇ ಇದ್ದೆ, ಅಂದರು. ಆಕೆ ಆ ಕಾರ್ಡು ಹಿಡಿದು ಒಂದು ಸಲ ವೋಟೂ ಹಾಕಿದ್ದರಂತೆ. ಬೂತಿನವರು ಕಾರ್ಡು ನೋಡಿ, ಆಕೆಯನ್ನು ನೋಡಿ, ಹಿಂದೆ ನಿಂತಿದ್ದ ಇವರನ್ನು ನೋಡಿ, ಒಳಗೆ ಬಿಟ್ಟರಂತೆ.

ನಾನು ನಕ್ಕೆ. ಅವರು ನಗಲಿಲ್ಲ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಅವ್ಳ ಮೊಕ ಮರ್ತೋಯ್ತಾ ಐತೆ ಕಣಪ್ಪ. ದನಿ ಗೊತ್ತು, ಕೈ ಗೊತ್ತು. ಮೊಕ ನೆನೆಸ್ಕಳಕ್ಕೆ ಓದ್ರೆ ಬರಾಕಿಲ್ಲ. ನಾನು ಕಣ್ಣು ಮುಚ್ಚೋಕ್ಮುಂಚೆ ಒಂದು ಸತಿ ನೋಡ್ಬೇಕು."

ಎಂಥ ಕಲ್ಲು ಮನಸ್ಸಿನವನಿಗೂ ಇದಕ್ಕೆ ಆಗುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಬೇರೆ ಯಾವುದಾದರೂ ಫೋಟೊ ಇದೆಯೇ ಎಂದೆ. ಇದ್ದದ್ದು ಒಂದೇ. ಯಾವಾಗಲೋ ನೆಂಟರೆಲ್ಲ ಮುತ್ತತ್ತಿಗೆ ಹೋಗಿ, ಹೊಳೆಯ ದಡದಲ್ಲಿ ಅಡುಗೆ ಮಾಡಿ ಉಂಡಾಗ ತೆಗೆದದ್ದು. ಹದಿನಾಲ್ಕು ಜನ ಎಲೆ ಮುಂದೆ ಕೂತು ಕ್ಯಾಮೆರಾ ನೋಡುತ್ತಿದ್ದಾರೆ. ಆಕೆ ಸೌಟು ಹಿಡಿದು, ಬಗ್ಗಿ ಮುದ್ದೆಗೆ ಸಾರು ಬಡಿಸುತ್ತಿದ್ದಾರೆ. ಮುಖದ ಒಂದು ಪಕ್ಕ ಕಾಣುತ್ತದೆ: ಒಂದು ಹುಬ್ಬು, ಮೂಗು, ಮೂಗುಬೊಟ್ಟು, ಒಂದು ಕೆನ್ನೆ. ಇನ್ನೊಂದು ಪಕ್ಕ ಸೆರಗಿನಲ್ಲಿ ಹೋಗಿದೆ. ಯಜಮಾನರು ಫೋಟೊವನ್ನು ಬೆಳಕಿಗೆ ಹಿಡಿದು ನಿಟ್ಟುಸಿರು ಬಿಟ್ಟರು. "ಮುದ್ದೆ ಒಂದು ಸಂದಾಗಿ ಬಂದೈತೆ" ಅಂದರು.

೩. ಎರಡು ಮೂಗುಬೊಟ್ಟು

ಅರ್ಧ ಮುಖ ಇದ್ದರೆ ನಮ್ಮ ಕಸುಬಿನವರು ಮೊದಲು ಮಾಡುವುದು ಒಂದೇ. ಇರುವ ಅರ್ಧದ ಸುತ್ತ ಗೆರೆ ಹಾಕಿ, ಅದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಪಕ್ಕಕ್ಕೆ ಅಂಟಿಸುವುದು. ಎರಡು ದಿನ ಕೂತು ಅಂಟಿಸಿದೆ. ಯಜಮಾನರನ್ನು ಫೋನ್ ಮಾಡಿ ಕರೆಸಿದೆ.

ಬಂದವರು ಬಹಳ ಹೊತ್ತು ನೋಡಿದರು. ನಾನು ಹಿಂದೆ ನಿಂತು ಮೆಚ್ಚುಗೆಗೆ ಕಾಯುತ್ತಿದ್ದೆ. ಹುಬ್ಬು ಎರಡು ಬಂದಿದ್ದವು, ಕೆನ್ನೆ ಎರಡು ಬಂದಿದ್ದವು, ಜೊತೆಗೆ ಮೂಗಿನ ಆ ಕಡೆಗೊಂದು ಈ ಕಡೆಗೊಂದು ಮೂಗುಬೊಟ್ಟೂ ಎರಡು ಬಂದಿದ್ದವು. ನಾನು ಗಮನಿಸಿಯೇ ಇರಲಿಲ್ಲ.

"ಒಂದು ಮೂಗ್‌ಬೊಟ್ಟು ಮಾಡ್ಸಿಕೊಡೋಕೆ ನಂಗೆ ಆರು ವರ್ಸ ಆಯ್ತು" ಅಂದರು. "ನೀನು ಎಲ್ಡು ದಿನ್ದಾಗೆ ಎಲ್ಡು ಮಾಡ್ಸ್‌ಬುಟ್ಟೆ."

ಒಂದನ್ನು ಅಳಿಸಿದೆ. ಅಳಿಸಿದ ಮೇಲೂ ಅದು ಆಕೆಯಲ್ಲ ಅಂದರು. ಯಾಕೆ ಅಲ್ಲ ಎಂದು ಹೇಳಲು ಅವರಿಗೆ ಆಗಲಿಲ್ಲ, ಅಲ್ಲ ಎಂಬುದು ಮಾತ್ರ ಗೊತ್ತು. ಎಡ ಬಲ ಒಂದೇ ತೂಕಕ್ಕೆ ಇರುವ ಮುಖ ದೇವರ ಮೂರ್ತಿಗೆ ಸರಿ, ಮನೆಯಲ್ಲಿ ಓಡಾಡಿದ ಹೆಂಗಸಿಗೆ ಹಾಗಿರುವುದಿಲ್ಲ.

೪. ಮೊಬೈಲಿನ ಹೆಂಗಸು

ಸೋಮಾರಿತನಕ್ಕೆ ಬಿದ್ದು ಒಂದು ದಿನ ಆ ಅರ್ಧ ಮುಖವನ್ನು, ಸೌಟು ಹಿಡಿದ ಕೈಯ ಸಮೇತ, ಮೊಬೈಲಿನ ಒಂದು ಆ್ಯಪಿಗೆ ಕೊಟ್ಟೆ. ಅದು ಉಳಿದ ಅರ್ಧವನ್ನು ತಾನೇ ತುಂಬಿಸಿಕೊಡುತ್ತದಂತೆ. ಚಹಾ ಕುಡಿದು ಬರುವಷ್ಟರಲ್ಲಿ ತುಂಬಿಸಿತ್ತು. ತುಟಿಗೆ ಬಣ್ಣ, ಸಾಲಾಗಿ ಮೂವತ್ತೆರಡು ಹಲ್ಲು, ಕೂದಲು ಗಾಳಿಗೆ ಹಾರುತ್ತಿತ್ತು. ಕೈಯಲ್ಲಿ ಸಾರಿನ ಸೌಟು ಇತ್ತೆನ್ನುವುದೊಂದೇ ಹಳೆಯ ಗುರುತು.

ನಾಚಿಕೊಂಡೇ ತೋರಿಸಿದೆ. ಯಜಮಾನರು ಮರ್ಯಾದೆಯಿಂದ ಮುಖ ಆಚೆ ತಿರುಗಿಸಿಕೊಂಡರು. ಬೇಗ ಕಳಿಸಿಬಿಡು ಕಣಪ್ಪ, ಪಾಪ ಇವರ ಯಜಮಾನರು ಎಲ್ಲಿ ಹುಡುಕುತ್ತಿದ್ದಾರೋ ಏನೋ, ಅಂದರು.

೫. ಹನಕೆರೆಯಿಂದ ಬಂದ ನಾದಿನಿ

ಆಕೆಗೆ ತಂಗಿ ಯಾರಾದರೂ ಇದ್ದಾರೆಯೇ ಎಂದು ಕೇಳುವ ಬುದ್ಧಿ ನನಗೆ ಆಮೇಲೆ ಬಂತು. ಇದ್ದರು, ಹನಕೆರೆಯಲ್ಲಿ. ಒಂದು ದಿನ ಮದ್ದೂರಿನ ತನಕ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದು ಇಳಿದರು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಕೂದಲಿಗೆ ಹೊಸದಾಗಿ ಕಪ್ಪು ಬಣ್ಣ. ಅಕ್ಕನ ಫೋಟೊಗೆ ಬಂದವರೋ ತಮ್ಮ ಫೋಟೊಗೆ ಬಂದವರೋ ನನಗೆ ಆಗಲೇ ಅನುಮಾನವಾಯಿತು.

ಮುತ್ತತ್ತಿಯ ಫೋಟೊದಲ್ಲಿ ಅಕ್ಕ ಬಗ್ಗಿದ ಹಾಗೆಯೇ ಬಗ್ಗಿ, ಬಡಿಸುವವರ ಹಾಗೆ ನಿಲ್ಲಿ ಎಂದು ಕೇಳಿಕೊಂಡೆ. ಆಕೆ ಒಪ್ಪಲಿಲ್ಲ. ಅವತ್ತು ಕೂತು ಉಂಡವಳು ತಾನು, ಇವತ್ತು ಯಾಕೆ ಬಗ್ಗಲಿ, ಅಂದರು. ಸರಿ, ನೆಟ್ಟಗೆ ಕೂರಿಸಿಯೇ ತೆಗೆದೆ. ಕಂಪ್ಯೂಟರಿಗೆ ಹಾಕಿ, ಮುಖದ ಅರ್ಧಕ್ಕೆ ಗೆರೆ ಹಾಕಿ, ಅಕ್ಕನ ಕೆನ್ನೆಗೆ ಹೊಂದಲೆಂದು ಗೆರೆಯನ್ನು ಒಳಕ್ಕೆ ಬಗ್ಗಿಸುತ್ತಾ ಹೋದೆ. ಆಕೆ ಹಿಂದೆ ನಿಂತು ನೋಡುತ್ತಿದ್ದವರು, ಗೆರೆ ತಮ್ಮ ಕೆನ್ನೆಯೊಳಗೆ ಇಳಿದಾಗಲೆಲ್ಲ ಕೆನ್ನೆ ಹಿಡಿದುಕೊಳ್ಳುತ್ತಿದ್ದರು. ಅಷ್ಟು ಕೊಯ್ಯಬೇಡಪ್ಪ ಎಂದು ಎರಡು ಸಲ ಹೇಳಿದರು.

ಕೊನೆಗೆ ಒಂದು ಮುಖ ಸಿದ್ಧವಾಯಿತು. ಯಜಮಾನರು ನೋಡಿ ತಲೆ ಅಲ್ಲಾಡಿಸಿದರು, ಗೋಡೆಗೆ ಒರಗಿ ಕೂತುಬಿಟ್ಟರು. ನಾದಿನಿ ಮಾತ್ರ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ನಮ್ಮಕ್ಕ ಅಲ್ಲ ಬುಡು" ಅಂದರು. "ಆದ್ರೆ ನಾನು ಸಂದಾಗಿ ಬಂದಿವ್ನಿ. ಒಂದು ಪ್ರಿಂಟು ಕೊಡು, ನನ್ ತಿಥಿಗೆ ಆಯ್ತದೆ."

ಕೊಟ್ಟೆ. ಅಷ್ಟು ಕೆಲಸಕ್ಕೆ ಒಬ್ಬರಾದರೂ ಸಂತೋಷವಾಗಿ ಹೋದರು.

೬. ಬರೀ ಗೆರೆ

ಅದಾದ ಮೇಲೆ ಯಜಮಾನರು ಒಂದು ತಿಂಗಳು ಬರಲಿಲ್ಲ. ಬಂದಾಗ ಇನ್ನೂ ಸೊರಗಿದ್ದರು. ಆಕೆಯ ಕೆನ್ನೆಯ ಮೇಲೆ ಒಂದು ಮಚ್ಚೆ ಇದ್ದ ಹಾಗೆ ನೆನಪು, ಅದು ಯಾವ ಕಡೆಗಿತ್ತು ಎಂದು ಊರಿನಲ್ಲಿ ಹಳಬರನ್ನೆಲ್ಲ ಕೇಳಿದರಂತೆ. ಬಲಗಡೆ ಎಂದು ಕೆಲವರು, ಎಡಗಡೆ ಎಂದು ಕೆಲವರು, ಮಚ್ಚೆಯೇ ಇರಲಿಲ್ಲ ಎಂದು ಒಬ್ಬರು. ಕಟ್ಟಿಕೊಂಡ ಗಂಡ ಊರವರನ್ನು ಕೇಳಬೇಕಾಯಿತಲ್ಲ ಎಂದು ಅವರಿಗೆ ಬಹಳ ನಾಚಿಕೆಯಾಗಿತ್ತು.

ನಾನು ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ಬದಿಗಿಟ್ಟೆ. ಬಿಳಿ ಹಾಳೆಯ ಮೇಲೆ ಖಾಲಿ ಗೆರೆ ಒಂದನ್ನು ಹಾಕಿದೆ, ಒಳಗೆ ಏನೂ ಇಲ್ಲ. ಇದನ್ನು ನಿಮ್ಮಾಕೆಯ ಮುಖದ ಆಕಾರಕ್ಕೆ ತರೋಣ, ನೀವು ಹೇಳಿ, ನಾನು ಎಳೆಯುತ್ತೇನೆ ಎಂದೆ. ಅವರು ಹೇಳುತ್ತಾ ಹೋದರು. ಒಸಿ ಒಳಕ್ಕೆ. ಒಸಿ ಈಚೆಗೆ. ಗದ್ದದ ಹತ್ತಿರ ಇನ್ನೂ ಚಿಕ್ಕದು. ಹಣೆ ಅಷ್ಟು ಎತ್ತರ ಬೇಡ. ಮುಖ ನೆನಪಿಲ್ಲ ಅನ್ನುತ್ತಿದ್ದ ಮನುಷ್ಯ ಗೆರೆಯನ್ನು ಮಾತ್ರ ತಡವರಿಸದೆ ಹೇಳಿದರು, ಎರಡೂ ಅಂಗೈಯನ್ನು ಗಾಳಿಯಲ್ಲಿ ಹಿಡಿದು ತೋರಿಸಿದರು. ಆ ಕೈಗೆ ಗೊತ್ತಿತ್ತು.

ಒಂದು ಗಂಟೆಯ ನಂತರ ಸಾಕು ಅಂದರು. ಬಿಳಿ ಹಾಳೆಯ ಮೇಲೆ ಮೊಟ್ಟೆಯಂಥ ಒಂದು ಗೆರೆ ಹರಿದಾಡುತ್ತಿತ್ತು. ಕಣ್ಣಿಲ್ಲ, ಮೂಗಿಲ್ಲ. ಅದನ್ನೇ ತದೇಕಚಿತ್ತರಾಗಿ ನೋಡುತ್ತಾ ಕೂತರು.

"ಇಂಗೇ ಇದ್ಲು ಕಣಪ್ಪ" ಅಂದರು. "ಒಳ್ಗೇನಿತ್ತು ಅಂತ ಆಗ್ಲೂ ನಂಗೆ ಗೊತ್ತಾಗ್ನಿಲ್ಲ."

ಅವರು ಹೋದ ಮೇಲೆ ಆ ಗೆರೆಯೊಳಗೆ ಮುತ್ತತ್ತಿಯ ಹುಬ್ಬು, ಮೂಗು, ಕೆನ್ನೆ ಕೂರಿಸಿದೆ. ಇಲ್ಲದ ಕಡೆಗೆ ತಂಗಿಯ ಕಣ್ಣು, ತುಟಿ ತಂದು, ಅವು ಗೆರೆಗೆ ಹೊಂದುವ ತನಕ ತಿದ್ದಿದೆ. ವಾರ ಹಿಡಿಯಿತು. ನನಗೇನೋ ಈ ಸಲ ಒಬ್ಬ ನಿಜವಾದ ಹೆಂಗಸು ನನ್ನನ್ನು ನೋಡುತ್ತಿರುವಂತೆ ಅನ್ನಿಸಿತು. ಯಜಮಾನರು ಬಂದು ನೋಡಿದರು. ಅಲ್ಲ ಅನ್ನಲಿಲ್ಲ. ಇರಬಹುದು ಕಣಪ್ಪ, ಅಂದರು. ಅಷ್ಟು ಸುಸ್ತಾದ ದನಿಯಲ್ಲಿ ಯಾರಾದರೂ ಹೆಂಡತಿಯ ಗುರುತು ಹೇಳಿದ್ದನ್ನು ನಾನು ಕೇಳಿಲ್ಲ. ಅಲ್ಲ ಅಂದಿದ್ದರೇ ವಾಸಿಯಿತ್ತು.

೭. ಮುದುಕಿ

ಒಪ್ಪಿದ ಮೇಲೆ ಉಳಿದ ಕೆಲಸ ಮುಗಿಸಬೇಕಲ್ಲ. ಯಜಮಾನರನ್ನು ಕೂರಿಸಿ ಫೋಟೊ ತೆಗೆದು, ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ಇಟ್ಟೆ. ಪಾಸ್‌ಪೋರ್ಟ್ ಫೋಟೊಗೆ ಕಾಯುತ್ತಿದ್ದ ಒಬ್ಬ ಹೆಂಗಸು ಇಣುಕಿ ನೋಡಿ, ಮಗಳಿಗೆ ಅಪ್ಪನ ಹೋಲಿಕೆ ಇಲ್ಲ, ತಾಯಿಯನ್ನು ಹೋತಿರಬೇಕು, ಅಂದರು.

ನಾನು ಚೌಕಟ್ಟನ್ನು ಇನ್ನೊಂದು ಸಲ ನೋಡಿದೆ. ಒಬ್ಬರಿಗೆ ಎಪ್ಪತ್ತೆರಡು, ಇನ್ನೊಬ್ಬರಿಗೆ ಮೂವತ್ತೆಂಟು. ಇಷ್ಟು ದಿನ ಈ ಲೆಕ್ಕ ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಆ ಹೆಂಗಸು ಫೋಟೊ ತೆಗೆದುಕೊಂಡು ಹೋದ ಮೇಲೆ ಯಜಮಾನರು ಮೆಲ್ಲಗೆ ಹೇಳಿದರು: "ಅವ್ಳು ಮುದ್ಕಿ ಆಗೋದ ನಾನು ನೋಡ್ನಿಲ್ಲ. ಫೋಟೊದಾಗಾದ್ರೂ ಆಗ್ಲಿ ಬುಡು."

ಕೆಲಸಕ್ಕೆ ಕೂತೆ. ಈ ಸಲ ಬೇಕಾದದ್ದು ಎರಡನೇ ಆಜ್ಞೆ, ಗೆರೆಯ ಜೊತೆ ಮನುಷ್ಯನೂ ಬಗ್ಗುವಂಥದ್ದು. ಕೆನ್ನೆಗೆ ಗೆರೆ ಹಾಕಿ ಕೆಳಕ್ಕೆ ಎಳೆದೆ. ಕಣ್ಣಿನ ಕೆಳಗೆ ಸ್ವಲ್ಪ ಚೀಲ ಬಿಟ್ಟೆ. ಬಾಯಿಯನ್ನು ಒಳಕ್ಕೆ ಒತ್ತಿದೆ, ಕಿವಿಯ ಹಾಲೆ ಇಳಿಸಿದೆ, ಕೂದಲಿಗೆ ಬಿಳಿ ಕೊಟ್ಟೆ. ಒಂದೊಂದು ಎಳೆತಕ್ಕೆ ಆಕೆಗೆ ಐದು ವರ್ಷ ಹೆಚ್ಚಾಗುತ್ತಿತ್ತು. ಯಜಮಾನರು ಸ್ಟೂಲಿನ ಮೇಲೆ ಕಾಲು ಮಡಿಸಿ ಕೂತು ರಸ್ತೆ ನೋಡುತ್ತಿದ್ದರು. ಎಲ್ಲ ಮುಗಿಸಿ, ನೋಡಿ ಎಂದೆ.

ತಿರುಗಿ ನೋಡಿದವರು ದಡಕ್ಕನೆ ಎದ್ದರು. ಸ್ಟೂಲು ಉರುಳಿತು. ಎರಡೂ ಕೈ ಸೊಂಟಕ್ಕೆ ಹೋಗಿ, ಎತ್ತಿ ಕಟ್ಟಿದ್ದ ಪಂಚೆ ಬಿಚ್ಚಿ ಪಾದದ ತನಕ ಇಳಿಯಿತು. ತಲೆ ತಗ್ಗಿಸಿ ಬಾಗಿಲ ಪಕ್ಕ ಗೋಡೆಗೆ ಅಂಟಿ ನಿಂತರು. ಎದೆನೋವೇನೋ ಎಂದು ನಾನು ಗಾಬರಿಯಾಗಿ ಹತ್ತಿರ ಓಡಿದೆ. ಅವರು ಕಂಪ್ಯೂಟರಿನ ಕಡೆ ಕಣ್ಣೆತ್ತದೆ ಪಿಸುಗುಟ್ಟಿದರು.

"ನಮ್ಮತ್ತೆ ಕಣಪ್ಪ ಅದು."

ಇವರು ಮನೆ ಅಳಿಯ. ಮದುವೆಯಾದಂದಿನಿಂದ ಅತ್ತೆಯ ಮನೆಯಲ್ಲೇ ಬಾಳು. ಅತ್ತೆ ಜಗಲಿಯ ಮೇಲೆ ಕೂತರೆಂದರೆ ಅಳಿಯ ಎದುರಿಗೆ ಕೂರುವಂತಿಲ್ಲ, ಪಂಚೆ ಎತ್ತಿ ಕಟ್ಟುವಂತಿಲ್ಲ, ಹಗಲು ಹೊತ್ತಿನಲ್ಲಿ ಹೆಂಡತಿಯ ಜೊತೆ ನಿಂತು ಮಾತಾಡುವಂತಿಲ್ಲ. ಹೆಂಡತಿಯ ಕಡೆ ಒಂದು ಗಳಿಗೆ ಹೆಚ್ಚಿಗೆ ನೋಡಿದರೂ ಜಗಲಿಯಿಂದ ಕೆಮ್ಮು ಕೇಳಿಸುತ್ತಿತ್ತಂತೆ. ಮಗಳು ಹೋದ ಮೇಲೂ ಆ ಮುದುಕಿ ನಾಲ್ಕು ವರ್ಷ ಇದ್ದರು. ನೋಡಿದ್ದೇ ಅಷ್ಟು ಕಡಿಮೆ, ಮರೆಯದೆ ಇನ್ನೇನಾಗುತ್ತದೆ, ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ನಗುತ್ತಿರುವಾಗಲೇ ಒಂದು ವಿಷಯ ಹೊಳೆಯಿತು. ವಯಸ್ಸು ಏರಿಸಿದ್ದಕ್ಕೆ ತಾಯಿ ಬಂದಿದ್ದಾರೆ ಅಂದರೆ, ನಾನು ಕೂರಿಸಿದ್ದು ಮಗಳ ಮುಖವೇ. ನಗು ಅಲ್ಲಿಗೆ ನಿಂತಿತು.

ಮಾಡಿದ್ದನ್ನು ಒಂದೊಂದಾಗಿ ಹಿಂದಕ್ಕೆ ತೆಗೆಯಲು ಶುರು ಮಾಡಿದೆ. ಬಿಳಿ ಕೂದಲು ಹೋಯಿತು. ಕಿವಿ ಮೇಲೆದ್ದಿತು. ಬಾಯಿ ತುಂಬಿಕೊಂಡಿತು. ಯಜಮಾನರು ಗೋಡೆಯ ಹತ್ತಿರದಿಂದಲೇ ಸ್ವಲ್ಪ ಸ್ವಲ್ಪ ತಲೆ ಎತ್ತಿದರು. ಇನ್ನು ಎರಡೇ ಎಳೆತ ಉಳಿದಿದ್ದಾಗ, ಇಲ್ಲೇ ನಿಲ್ಲಿಸು ಅಂದರು. ಕಣ್ಣಿನ ಕೆಳಗೆ ಒಂದಿಷ್ಟು ಕಪ್ಪು, ಕೆನ್ನೆ ಒಂದು ಚೂರು ಇಳಿದಿತ್ತು. ಮುಪ್ಪಿಗೆಂದು ನಾನು ಹಾಕಿದ ಸುಸ್ತು ಅದು. ಆಕೆಗೆ ಅದು ಮೂವತ್ತೆಂಟಕ್ಕೇ ಬಂದಿತ್ತು.

ಹತ್ತಿರ ಬಂದು ನಿಂತರು. ಹೆಂಡತಿಯ ಹೆಸರು ಹಿಡಿದು ಒಂದು ಸಲ ಕರೆದರು. ನನ್ನ ಕಡೆ ತಿರುಗಿ, ಇವಳೇ, ಅಂದರು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು, ಅದರಲ್ಲಿ ನಾಚಿಕೆ ಏನಿದೆ.

ಹಾಗಾದರೆ ಈಗ ನಿಮ್ಮ ಪಕ್ಕಕ್ಕೆ ಇಡಲೇ ಎಂದು ಕೇಳಿದೆ. ಬೇಡ ಅಂದರು. "ಪಕ್ಕದಾಗಿದ್ರೆ ನಾನು ನೋಡೋದೆಂಗೆ? ಅವ್ಳೊಬ್ಳುದೇ ಮಾಡ್ಕೊಡು, ಎದ್ರುಗ್ವಾಡೆಗೆ ತಗಲಾಕ್ತೀನಿ."

ಪ್ರಿಂಟು ತೆಗೆದು, ನ್ಯೂಸ್ ಪೇಪರಿನಲ್ಲಿ ಸುತ್ತಿ ಕೊಟ್ಟೆ. ಎದೆಗೆ ಅವಚಿಕೊಂಡು ಹೊರಟವರು ಬಾಗಿಲಲ್ಲಿ ನಿಂತರು. ಪಂಚೆ ಇನ್ನೂ ಪಾದದ ಮೇಲೇ ಇತ್ತು. ಆ ಮುದುಕಿ ಇನ್ನೂ ಕಂಪ್ಯೂಟರಿನಲ್ಲಿ ಇದ್ದಾರೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಇಲ್ಲ, ಪೂರ್ತಿ ಅಳಿಸಿದೆ ಎಂದೆ. ದಿಟವೇ ಎಂದು ಇನ್ನೊಂದು ಸಲ ಕೇಳಿದರು. ದಿಟ ಎಂದೆ.

ಹಲಗೂರಿನ ಬಸ್ಸು ಎದುರಿಗೇ ಬಂದು ನಿಂತಿತ್ತು. ಯಜಮಾನರು ಅದನ್ನು ನೋಡಿದರು, ನನ್ನನ್ನು ನೋಡಿದರು. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಬಿದ್ದಿದ್ದ ಸ್ಟೂಲು ನಿಲ್ಲಿಸಿ, ಅದರ ಮೇಲೆ ಆರಾಮಾಗಿ ಕೂತು, ಮಡಿಲಲ್ಲಿ ಪೇಪರು ಬಿಚ್ಚಿದರು.

"ಅಂಗಾರೆ ಈ ಬಸ್ಸು ಓಗ್ಲಿ ಬುಡು" ಅಂದರು. "ಒಸಿ ನೋಡ್ಕಂಡು ಬತ್ತೀನಿ."